ಮಾರ್ಚ್ ಕೊನೆಯ ಬೇಳೆ

ರಾಗಿಣಿಯ ಮನೆಯಲ್ಲಿ ಹೊಸ ವರ್ಷದ ಮೊದಲ ದಿನದಿಂದ ಬಜೆಟ್ ಜಾರಿಗೆ ಬಂತು. ಬಂತು ಅನ್ನುವುದಕ್ಕಿಂತ ಅವಳೇ ತಂದಳು ಅನ್ನಬೇಕು. ಮನೆಯ ಉಳಿದ ಮೂವರು ತಪ್ಪಿಸಿಕೊಳ್ಳುವ ದಾರಿ ಕಾಣದೆ ಒಪ್ಪಿಕೊಂಡರು.

ಅವಳು ಮರಾಠಿ ಸೀಮೆಯ ಈ ಊರಿನ ಸಿವಿಲ್ ಲೈನ್ಸಿನಲ್ಲಿರುವ ಒಂದು ಸರ್ಕಾರಿ ಲೆಕ್ಕಪತ್ರ ಕಚೇರಿಯಲ್ಲಿ ಅಧಿಕಾರಿ. ಬೇರೆ ಬೇರೆ ಇಲಾಖೆಗಳು ಕಳಿಸುವ ಬಿಲ್ಲುಗಳನ್ನು ತಿರುವಿ ಹಾಕಿ, ಕೆಂಪು ಪೆನ್ನಿನಲ್ಲಿ ಆಕ್ಷೇಪ ಬರೆದು ವಾಪಸ್ ಕಳಿಸುವುದೇ ಅವಳ ಅನ್ನ. ಕೋಟಿಗಟ್ಟಲೆ ಹಣಕ್ಕೆ ಲಗಾಮು ಹಾಕುವ ಇದೇ ಕೈಗೆ ಮನೆಯಲ್ಲಿ ಇಪ್ಪತ್ತನೇ ತಾರೀಕಿನ ನಂತರ ಹಾಲಿನವನ ಮುಖ ನೋಡುವ ಧೈರ್ಯ ಇರುತ್ತಿರಲಿಲ್ಲ. ಫ್ಲ್ಯಾಟಿನ ಸಾಲದ ಕಂತು, ಅತ್ತೆಯ ಬಿ.ಪಿ. ಗುಳಿಗೆ, ಮಗಳ ಟ್ಯೂಷನ್ನು ಎಲ್ಲ ಮುಗಿದ ಮೇಲೆ ಸಂಬಳ ಎಲ್ಲಿ ಹೋಯಿತೆಂದು ಕೇಳಿದರೆ ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು.

ಇಂಥ ಮನೆಯಲ್ಲಿ ಒಂಬತ್ತನೇ ಇಯತ್ತೆಯ ಪೂರ್ವಿ ಡಿಸೆಂಬರಿನಲ್ಲಿ ಒಂದು ಸುದ್ದಿ ತಂದಳು. ಮೇ ತಿಂಗಳಲ್ಲಿ ಶಾಲೆಯವರು ಮಕ್ಕಳನ್ನು ಹಿಮಾಲಯಕ್ಕೆ ಟ್ರೆಕ್ಕಿಂಗ್ ಶಿಬಿರಕ್ಕೆ ಕರೆದೊಯ್ಯುತ್ತಾರೆ. ಮಾರ್ಚ್ ಮೂವತ್ತೊಂದರ ಮಧ್ಯಾಹ್ನದೊಳಗೆ ಪೂರ್ತಿ ಫೀಸು ಕಟ್ಟಬೇಕು, ಕಟ್ಟದವರ ಜಾಗ ಕಾಯುತ್ತಿರುವ ಬೇರೆ ಮಕ್ಕಳಿಗೆ. ಈ ಊರಿನ ಬೇಸಿಗೆಯಲ್ಲಿ ಹುಟ್ಟಿ ಬೆಳೆದ ಹುಡುಗಿ ಹಿಮವನ್ನು ಕಂಡಿದ್ದು ಫ್ರಿಜ್ಜಿನ ಮೇಲಿನ ಖಾನೆಯಲ್ಲಿ ಮಾತ್ರ.

"ಅಮ್ಮಾ, ಇಲ್ಲ ಅನ್ನೂದಿದ್ರ ಈಗ ಅಂದು ಬಿಡು. ಸುಮ್ಮನ ಆಶಾ ತೋರಸಬ್ಯಾಡ."

ರಾಗಿಣಿ ಇಲ್ಲ ಅನ್ನಲಿಲ್ಲ. "ಬಜೆಟ್ ಮಾಡೋಣು," ಅಂದಳು.

ನಾಲ್ಕು ಸ್ಟೀಲಿನ ಡಬ್ಬಿ ಬಂದವು. ಅಡುಗೆಯ ಡಬ್ಬಿ ಅತ್ತೆ ಸತ್ಯಭಾಮಾಬಾಯಿಯವರಿಗೆ. ಪೆಟ್ರೋಲು ಮತ್ತು ದುರಸ್ತಿಯ ಡಬ್ಬಿ, ಊರಾಚೆ ಕಳಮೇಶ್ವರದ ಕಾರ್ಖಾನೆಯೊಂದರಲ್ಲಿ ಸೂಪರ್‌ವೈಸರ್ ಆಗಿದ್ದ ಗಂಡ ವಾದಿರಾಜನಿಗೆ. ಓದುಬರಹದ್ದು ಪೂರ್ವಿಗೆ. 'ಇತರೆ' ಎಂಬ ಡಬ್ಬಿ ರಾಗಿಣಿಗೆ. ತಿಂಗಳ ಮೊದಲ ದಿನ ಅವುಗಳಲ್ಲಿ ನೋಟು ತುಂಬುವುದು. ಮನೆಖರ್ಚಿಗೆ ಫೋನಿನಿಂದ ದುಡ್ಡು ಕೊಡುವುದು ಬಂದ್, ಯಾಕೆಂದರೆ ನೋಟು ಕೊಟ್ಟರಷ್ಟೇ ಕೈ ನೋಯುತ್ತದೆ ಎಂಬುದು ಅವಳ ಸಿದ್ಧಾಂತ. ಕ್ರೆಡಿಟ್ ಕಾರ್ಡನ್ನು ಎಲ್ಲರೆದುರು ಕತ್ತರಿಯಿಂದ ಕತ್ತರಿಸಿ ಉದ್ಘಾಟನೆ ಮಾಡಿದಳು. ತಿಂಗಳ ಕೊನೆಗೆ ಯಾವ ಡಬ್ಬಿಯಲ್ಲಿ ಎಷ್ಟು ಉಳಿದರೂ ಅದು ಕಪಾಟಿನೊಳಗಿನ ದೊಡ್ಡ ಡಬ್ಬಿಗೆ, ಅಂದರೆ ಖಜಾನೆಗೆ. ಖಜಾನೆಯೇ ಪೂರ್ವಿಯ ಹಿಮಾಲಯ. ಮತ್ತೆ, ಈ ತಿಂಗಳು ಯಾರು ಎಷ್ಟು ಖರ್ಚು ಮಾಡುತ್ತಾರೋ ಮುಂದಿನ ತಿಂಗಳು ಅವರಿಗೆ ಅಷ್ಟೇ.

ಈ ಕೊನೆಯ ನಿಯಮವನ್ನು ಅವಳು ಕಚೇರಿಯಿಂದ ಇದ್ದ ಹಾಗೇ ಎತ್ತಿಕೊಂಡು ಬಂದಿದ್ದಳು. ಖರ್ಚು ಮಾಡಲಿಲ್ಲವೆಂದರೆ ಅವರಿಗೆ ಅದು ಬೇಕಿರಲಿಲ್ಲ ಎಂದೇ ಅಲ್ಲಿ ಅರ್ಥ.

ಬೆಂಡೆಕಾಯಿ ಹೆಚ್ಚುತ್ತಿದ್ದ ಸತ್ಯಭಾಮಾಬಾಯಿ ತಲೆ ಎತ್ತಿದರು. "ಅಲ್ಲವಾ ರಾಗಿಣಿ, ಉಳಿಸಿದ್ರ ಕಡಿಮಿ ಕೊಡತಿ, ಉಡಾಯಿಸಿದ್ರ ಅಷ್ಟ ಕೊಡತಿ. ಇದ್ಯಾವ ನ್ಯಾಯ?"

"ನ್ಯಾಯ ಅಲ್ಲ ಅತ್ತಿ, ನಿಯಮ. ಇಡೀ ದೇಶ ಇದರ ಮ್ಯಾಲೆ ನಡೀತದ."

"ಅದಕ್ಕ ಹಿಂಗ ನಡದದ," ಎಂದು ಅತ್ತೆ ಮತ್ತೆ ಬೆಂಡೆಕಾಯಿಗೆ ಬಗ್ಗಿದರು.

ಜನವರಿ ಬಂಗಾರದಂಥ ತಿಂಗಳು. ಮೊಮ್ಮಗಳ ಹಿಮಾಲಯಕ್ಕಾಗಿ ಅಜ್ಜಿ ಪೇಟೆಗೆ ಸಂಜೆ ಹೊತ್ತು, ಕಾಯಿಪಲ್ಯದವರು ಗಂಟು ಕಟ್ಟುವಾಗ ಹೋಗಿ ಅರ್ಧ ದರಕ್ಕೆ ತಂದರು. ವಾದಿರಾಜ ಮೋಟರ್‌ಸೈಕಲ್ ಮನೆಯಲ್ಲಿಟ್ಟು ಸಹೋದ್ಯೋಗಿಯ ಹಿಂದೆ ಕೂತು ಕಳಮೇಶ್ವರಕ್ಕೆ ಹೋದ. ಪೂರ್ವಿ ಟ್ಯೂಷನ್ನಿಗೆ ನಡೆದಳು. ಖಜಾನೆ ತುಂಬಿದ ಸಂಭ್ರಮಕ್ಕೆ ರಾಗಿಣಿ ಕಚೇರಿಯಲ್ಲಿ ಚಹಾದ ಹೊತ್ತಿಗೆ ಈ ವಿಷಯದ ಮೇಲೆ ಒಂದು ಸಣ್ಣ ಭಾಷಣವನ್ನೇ ಕೊಟ್ಟಳು. ಇಬ್ಬರು ನಿಯಮಗಳನ್ನು ಬರೆದುಕೊಂಡರು ಕೂಡ.

ಫೆಬ್ರವರಿ ಒಂದರಂದು ನಿಯಮದ ಪ್ರಕಾರ ಎಲ್ಲರ ಡಬ್ಬಿಗೂ ಕತ್ತರಿ ಬಿತ್ತು. ಅತ್ತೆ ತಮ್ಮ ಡಬ್ಬಿಯ ನೋಟು ಎಣಿಸಿದರು, ಮತ್ತೊಮ್ಮೆ ಎಣಿಸಿದರು, ಗಟ್ಟಿಯಾಗಿ ಮುಚ್ಚಳ ಹಾಕಿದರು. ಅದನ್ನು ರಾಗಿಣಿ ಸಹಕಾರ ಎಂದು ತಿಳಿದಳು.

ಆ ತಿಂಗಳು ಧಾರವಾಡದಿಂದ ನೆಂಟರು ಬಂದರು. ಎಣ್ಣೆ ಮುಗಿಯಿತು. ಅತ್ತೆ ಕೇಳಿದರೆ ಸೊಸೆ, "ಹೆಚ್ಚಿಗಿ ಬೇಕಂದ್ರ ಕಾರಣ ಬರದು ಕೊಡ್ರಿ ಅತ್ತಿ, ವಿಚಾರ ಮಾಡೋಣು," ಅಂದಳು. ಅಂದ ಮೇಲೆ ಅವಳಿಗೇ ನಾಲಿಗೆ ಕಚ್ಚಿಕೊಳ್ಳಬೇಕೆನಿಸಿತು. ಆದರೆ ಅಧಿಕಾರಿಯ ನಾಲಿಗೆ, ಕಚ್ಚಿಕೊಳ್ಳಲಿಲ್ಲ.

"ಬರದು ಕೊಡಲಿಕ್ಕೆ ನನಗ ಬರತದವಾ," ಅಂದರು ಅತ್ತೆ. "ಆದ್ರ ಅಷ್ಟರಾಗ ಒಗ್ಗರಣಿ ಹೊತ್ತತದ."

ಮಾರ್ಚಿಗೆ ಮನೆಯವರೆಲ್ಲ ಒಟ್ಟಾಗಿ ಗದ್ದಲ ಹಾಕಿ ಮೊದಲಿನಷ್ಟೇ ಹಣ ಮಂಜೂರು ಮಾಡಿಸಿಕೊಂಡರು. ಆಮೇಲೆ ರಾಗಿಣಿಗೆ ಮನೆಯ ಕಡೆ ನೋಡಲು ಪುರಸೊತ್ತೇ ಸಿಗಲಿಲ್ಲ. ಮಾರ್ಚ್ ಅಂದರೆ ಅವರ ಕಚೇರಿಯಲ್ಲಿ ಸುಗ್ಗಿ. ವರ್ಷವೆಲ್ಲ ಮಲಗಿದ್ದ ಇಲಾಖೆಗಳು ಎದ್ದು ಕೂತು, ಉಳಿದ ದುಡ್ಡು ವಾಪಸ್ ಹೋದೀತೆಂದು ಕಂಡದ್ದೆಲ್ಲ ಕೊಂಡು ಬಿಲ್ಲು ಕಳಿಸುತ್ತವೆ. ಅವಳ ಮನೆಯಿದ್ದ ಬಿಲ್ಡಿಂಗಿನದೇ ಮೂರನೇ ಮಹಡಿಯ ಲಕ್ಷ್ಮೀಕಾಂತ, ಮೈಸೂರಿನ ಕಡೆಯ ಸಭ್ಯ ಮನುಷ್ಯ, ಇನ್ನೊಂದು ಕಚೇರಿಯ ಮುಖ್ಯಸ್ಥ. ಅವನ ಕಚೇರಿಗೆ ಇರುವ ಕಿಟಕಿಗಳಿಗಿಂತ ಎರಡು ಪಟ್ಟು ಪರದೆಗಳನ್ನು ಕೊಂಡ ಬಿಲ್ಲು ಅವಳ ಮೇಜಿಗೆ ಬಂತು. 'ವರ್ಷದ ಕೊನೆಗೆ ಅನುದಾನ ಮುಗಿಸುವ ಅವಸರ ಎದ್ದು ಕಾಣುತ್ತದೆ' ಎಂದು ಕೆಂಪಿನಲ್ಲಿ ಬರೆದು, ಒಂದು ಗೆರೆ ಹೆಚ್ಚಿಗೇ ಎಳೆದು ವಾಪಸ್ ಕಳಿಸಿದಳು. ಆ ಸಂಜೆ ಮನೆಗೆ ಬರುವಾಗ ಬರ್ಡಿಯ ಪೇಟೆಯಲ್ಲಿ ಇಳಿದು ಏನೋ ಖರೀದಿ ಮಾಡಿದಳು. ಏನೆಂಬುದು ಮುಂದೆ ಗೊತ್ತಾಗುತ್ತದೆ.

ಮೂವತ್ತನೇ ತಾರೀಕು ಸಂಜೆ ನಾಲ್ವರೂ ಕೂತು ಖಜಾನೆ ತೆರೆದರು. ಪೂರ್ವಿ ಎಣಿಸಿದಳು. ವಾದಿರಾಜ ಎಣಿಸಿದ. ಫೀಸಿನ ಕಾಲು ಭಾಗ ಕಡಿಮೆ ಬಿತ್ತು.

"ಇನ್ನೂ ಈ ತಿಂಗಳದ ಉಳಿತಾಯ ಹಾಕಿಲ್ಲಲಾ," ಎಂದಳು ರಾಗಿಣಿ ಧೈರ್ಯದಿಂದ. "ನಿಮ್ಮ ನಿಮ್ಮ ಡಬ್ಬಿ ತರ್ರಿ."

ಪೂರ್ವಿಯ ಡಬ್ಬಿಯಲ್ಲಿ ಒಂದಿಷ್ಟು ಇತ್ತು. ವಾದಿರಾಜನದು ಟಣ್ ಎಂದಿತು. ಒಂದೇ ಒಂದು ನಾಣ್ಯ.

"ಏನ್ರಿ ಇದು?"

"ಬ್ಯಾಸಗಿ ಕೂಲರಿನ ಜಾಳಿಗಿಗೆ ಹೊಸಾ ಹುಲ್ಲು ಹಾಕಿಸಿದೆ, ಅದಕ್ಕ ನೀರೆತ್ತೂ ಹೊಸಾ ಪಂಪ್ ತಂದೆ. ಗಾಡಿ ಟಾಕಿ ಫುಲ್ ಮಾಡಸಿದೆ."

"ಹಳೇ ಪಂಪ್ ಕೆಟ್ಟಿತ್ತೇನು?"

"ಇನ್ನೂ ಇಲ್ಲ," ಎಂದು ಅವನು ಪ್ರಾಮಾಣಿಕವಾಗಿ ಹೇಳಿದ. "ಉಳಿಸಿದ್ರ ಏಪ್ರಿಲ್‌ದಾಗ ಕಡಿಮಿ ಕೊಡತಿ. ಏಪ್ರಿಲ್‌ದಾಗ ಪಂಪ್ ಕೆಟ್ಟರ ಯಾರನ್ನ ಕೇಳಲಿ? ಅವ್ವನ ಡಬ್ಬಿ ಉಳದಿರತದ ಅಂತ ಮಾಡಿದ್ದೆ."

ಎಲ್ಲರೂ ಅವ್ವನನ್ನು ನೋಡಿದರು. ಅವ್ವ ಎದ್ದು, ಅಡುಗೆಮನೆಯ ಹಿಂದಿನ ಬಾಲ್ಕನಿಯ ಬಾಗಿಲು ತೆರೆದು ತೋರಿಸಿದರು. ಅಲ್ಲಿ ಗಾಂಧಿಬಾಗಿನ ಸಗಟು ಅಂಗಡಿಯ ಮುದ್ರೆ ಹೊತ್ತ ತೊಗರಿಬೇಳೆಯ ಚೀಲ, ಅದರ ಮೈಮೇಲೆ ಶೇಂಗಾದ ಚೀಲ, ಅವೆರಡರ ಸಂದಿಯಲ್ಲಿ ಬೆಲ್ಲದ ಪೆಂಟಿಗಳು ನೆಂಟರ ಹಾಗೆ ಒತ್ತಿಕೊಂಡು ಕೂತಿದ್ದವು.

"ಅತ್ತಿ, ನಾಲ್ಕು ಜನಕ್ಕ ಇಷ್ಟು ಬ್ಯಾಳಿ?"

"ನೀ ಕಸ್ಕೊಳ್ಳೂದಕ್ಕಿಂತ ಮೊದಲ ಬ್ಯಾಳಿ ಮಾಡಿಟ್ಟೆ. ರೊಕ್ಕಾನ ಕತ್ತರಸಬಹುದು, ಬ್ಯಾಳಿ ಹ್ಯಾಂಗ ಕತ್ತರಸತಿ? ಪೂರ್ವಿದು ವಾದಿ ನೋಡ್ಕೋತಾನ ಅಂದ್ಕೊಂಡಿದ್ದೆ ನಾ."

ರಾಗಿಣಿ ಬಾಯಿ ತೆರೆದಳು. ಇಪ್ಪತ್ತು ವರ್ಷದ ಸೇವೆಯಲ್ಲಿ ಕಲಿತ ಆಕ್ಷೇಪಗಳೆಲ್ಲ ಒಮ್ಮೆಗೇ ಬಾಗಿಲಿಗೆ ಬಂದು ಒಂದರ ಮೇಲೊಂದು ಬಿದ್ದವು.

"ಅಮ್ಮಾ," ಪೂರ್ವಿ ಮೆಲ್ಲಗೆ ಅಂದಳು, "ತುಝಾ ಡಬ್ಬಾ? ನಿನ್ನ ಡಬ್ಬಿ ಎಲ್ಲಿ?"

ರಾಗಿಣಿ ಎದ್ದು ಒಳಗೆ ಹೋಗಿ ಡಬ್ಬಿಯ ಬದಲು ಒಂದು ದೊಡ್ಡ ಚೀಲ ತಂದಿಟ್ಟಳು. ಅದರಲ್ಲಿ ಆರು ಬೆಡ್‌ಶೀಟುಗಳಿದ್ದವು, ಕವರು ಸಹ ಬಿಚ್ಚಿರಲಿಲ್ಲ. ಮನೆಯಲ್ಲಿದ್ದದ್ದು ಎರಡು ಮಂಚ. ಅಂದು ಬರ್ಡಿಯಲ್ಲಿ ಅವುಗಳನ್ನು ಕೊಳ್ಳುವಾಗ ಅವಳ ತಲೆಯಲ್ಲಿದ್ದದ್ದು ಒಂದೇ ಯೋಚನೆ: ಹೇಗೂ ಉಳಿದದ್ದು ವಾಪಸ್ ಹೋಗುತ್ತದೆ, ಉಳಿದವರು ಖಜಾನೆ ತುಂಬಿಸಿಯೇ ಇರುತ್ತಾರೆ.

ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ಪೂರ್ವಿ ಎಣಿಸಿದ ನೋಟುಗಳನ್ನು ಅಂಚು ಸರಿಮಾಡಿ ಡಬ್ಬಿಯೊಳಗಿಟ್ಟು, "ಇರಲಿ ಬಿಡು. ಮುಂದ ಹತ್ತನೇದು, ಹೆಂಗೂ ಓದೂದ ಅದ. ಮತ್ತ್ಯಾಕ ಟೆನ್ಶನ್," ಅಂದಳು. ಹದಿನಾಲ್ಕರ ಹುಡುಗಿ ಮಾತಾಡಿದ್ದು ಇಷ್ಟು ಸಮಾಧಾನದಿಂದ. ರಂಪ ಮಾಡಿದ್ದರೆ ರಾಗಿಣಿ ಬೈದಾದರೂ ಹಗುರಾಗಬಹುದಿತ್ತು.

ದಾರಿಗಳೆಲ್ಲ ಮುಚ್ಚಿದ್ದವು. ಮಾರ್ಚಿನ ಸಂಬಳ ಸರ್ಕಾರದವರಿಗೆ ಏಪ್ರಿಲಿನಲ್ಲೇ ಬರುವುದು. ವಾದಿರಾಜನದು ಇನ್ನೂ ಒಂದು ವಾರ ತಡ. ಖಾತೆಯಲ್ಲಿ ಉಳಿದಿದ್ದು ಸಾಲದ ಕಂತಿಗೆ ಕಾದಿತ್ತು. ಕ್ರೆಡಿಟ್ ಕಾರ್ಡಿನ ತುಂಡುಗಳು ಕಸದ ಗಾಡಿಯಲ್ಲಿ ಎಂದೋ ಹೋಗಿದ್ದವು. ಕಚೇರಿಯಲ್ಲಿ ಕೈಗಡ ಕೇಳಬಹುದಿತ್ತು, ಆದರೆ ಆ ಭಾಷಣ ಕೇಳಿದವರ ಹತ್ತಿರ ಯಾವ ಮುಖ ಇಟ್ಟುಕೊಂಡು?

ಸತ್ಯಭಾಮಾಬಾಯಿ ಸೆರಗು ಸಿಗಿಸಿಕೊಂಡರು. "ವಾದಿ, ಚೀಲ ಕೆಳಗ ಒಯ್ಯಿ. ಯುಗಾದಿ ಪಾಡವಾ ಬಂತು. ಈ ಬಿಲ್ಡಿಂಗಿನಾಗ ಪ್ರತಿಯೊಬ್ಬರ ಮನ್ಯಾಗೂ ಹೋಳಿಗಿಗೆ ಕಡ್ಲಿಬ್ಯಾಳಿ ತಂದಿರತಾರ, ಆದ್ರ ಅದಕ್ಕ ಬೆಲ್ಲ, ಸಾರಿಗೆ ತೊಗರಿಬ್ಯಾಳಿ ಬೇಕ ಬೇಕು. ತಂದ ದರಕ್ಕ ಕೊಟ್ಟುಬಿಡೂದು."

"ಅತ್ತಿ, ಜನ ಏನಂದಾರು?"

"ಗಾಂಧಿಬಾಗ್ ದರ ಅಂತಾರ."

ಹೀಗೆ ಲೆಕ್ಕಪತ್ರಾಧಿಕಾರಿ ರಾಗಿಣಿ ಬಿಲ್ಡಿಂಗಿನ ಕೆಳಗೆ, ಸ್ಕೂಟರುಗಳ ನಡುವೆ, ಅತ್ತೆಯ ಅಡುಗೆಮನೆಯ ತಕ್ಕಡಿ ಹಿಡಿದು ಕೂತಳು. ಪೂರ್ವಿ ಬಿಲ್ಡಿಂಗಿನ ವಾಟ್ಸಾಪ್ ಗುಂಪಿನಲ್ಲಿ ಮರಾಠಿಯಲ್ಲಿ ಸುದ್ದಿ ಹಾಕಿದಳು. ಮೊದಲು ಬಂದವರು ಎದುರುಮನೆಯ ಕಾಳೆ ಕಾಕೂ. ಬೇಳೆಯನ್ನು ಅಂಗೈಯಲ್ಲಿ ಉಜ್ಜಿ ನೋಡಿ, ಮೂಸಿ, ಮೂರು ಕಿಲೋ ಅಂದರು. ಆಮೇಲೆ ಸರದಿಯೇ ನಿಂತಿತು. ರಾಗಿಣಿ ಅಭ್ಯಾಸಬಲದಿಂದ ಪ್ರತಿಯೊಬ್ಬರಿಗೂ ಚೀಟಿ ಬರೆಯತೊಡಗಿದಾಗ ಅತ್ತೆ ಪೆನ್ನು ಕಸಿದುಕೊಂಡು, "ನೀ ತೂಗು, ನಾ ಲೆಕ್ಕಾ ಇಡತೀನಿ," ಅಂದರು.

ಬೇಳೆ ತಳ ಕಾಣುವ ಹೊತ್ತಿಗೆ ಲಕ್ಷ್ಮೀಕಾಂತ ಮೆಟ್ಟಿಲಿಳಿದು ಬಂದ. ತಕ್ಕಡಿ ನೋಡಿದ, ಮೇಡಮ್ಮನ್ನು ನೋಡಿದ, ಪಕ್ಕದಲ್ಲಿ ಜೋಡಿಸಿಟ್ಟಿದ್ದ ಬೆಡ್‌ಶೀಟು ನೋಡಿದ.

"ಇವೂ ಮಾರಾಟಕ್ಕಾ ಮೇಡಂ?"

"ಹೂಂ. ಹೊಸಾವು."

"ಕಾಣ್ತಿದೆ. ಮನೇಲಿ ಮಂಚ ಎಷ್ಟಿದೆ, ತಪ್ಪು ತಿಳ್ಕೋಬೇಡಿ?"

"ಎರಡು," ಎಂದಳು ರಾಗಿಣಿ, ತಕ್ಕಡಿಯ ಮುಳ್ಳಿನ ಮೇಲಿಂದ ಕಣ್ಣು ತೆಗೆಯದೆ.

ಲಕ್ಷ್ಮೀಕಾಂತ ಒಂದು ಬೆಡ್‌ಶೀಟು ಎತ್ತಿ, ತಿರುವಿ ನೋಡಿ, ಇದ್ದಲ್ಲೇ ಇಟ್ಟ. ಸಭ್ಯ ಮನುಷ್ಯ. ಆಮೇಲೆ, "ಮಾರ್ಚ್ ಅಂದ್ರೆ ಹಾಗೇ ಮೇಡಂ," ಎಂದ ಸಂತಾಪದ ದನಿಯಲ್ಲಿ.

"ಆದ್ರೂ ನಿಮ್ಮ ಪರದೆ ಬಿಲ್ ಪಾಸ್ ಆಗೂದಿಲ್ಲ ನೋಡ್ರಿ."

"ಗೊತ್ತು. ಆ ನೀಲಿದು ಎರಡು ಕೊಡಿ. ಒಂದು ಕಿಲೋ ಬೆಲ್ಲ."

ಕೊನೆಗೆ ಎಲ್ಲ ಸೇರಿಸಿ ನೋಡಿದರೆ ಫೀಸು ತುಂಬಿತ್ತು. ಮರುದಿನ ಶಾಲೆ ತೆರೆಯುತ್ತಲೇ ಪೂರ್ವಿ ಅಪ್ಪನನ್ನು ಎಳೆದುಕೊಂಡು ಹೋಗಿ ಕಟ್ಟಿ ಬಂದಳು. ಆ ಸಂಜೆ ಖಜಾನೆಯಿದ್ದ ಕಪಾಟಿನ ಬೀಗದ ಕೈ ಯಾವ ಚರ್ಚೆಯೂ ಇಲ್ಲದೆ ಸತ್ಯಭಾಮಾಬಾಯಿಯ ಸೊಂಟಕ್ಕೆ ಹೋಯಿತು. ಅವರ ಬಜೆಟ್ಟಿನಲ್ಲಿ ನಿಯಮಗಳಿರಲಿಲ್ಲ. ದುಡ್ಡು ಕೇಳಿದರೆ "ಯಾಕ?" ಅನ್ನುತ್ತಿದ್ದರು. ಆ ಒಂದು ಪ್ರಶ್ನೆಗೇ ಮನೆಯ ಅರ್ಧ ಖರ್ಚು ಹೆದರಿ ಓಡುತ್ತಿತ್ತು.

ಇಷ್ಟಕ್ಕೇ ಮುಗಿಯಿತೆಂದು ರಾಗಿಣಿ ನಿಟ್ಟುಸಿರು ಬಿಟ್ಟಿದ್ದಳು. ಎಂಟು ದಿನದ ನಂತರ ಪೂರ್ವಿ ಶಾಲೆಯವರು ಕೊಟ್ಟಿದ್ದ ಶಿಬಿರದ ಹಾಳೆಯ ಹಿಂಬದಿ ತೋರಿಸಿದಳು. ಉಣ್ಣೆಯ ಸ್ವೆಟರು, ಕೈಗವಸು, ಕಿವಿ ಮುಚ್ಚುವ ಟೋಪಿ, ಎಲ್ಲ ಸ್ವಂತದ್ದೇ ತರಬೇಕು. ಮುಂಬದಿಯನ್ನು ಮೂರು ತಿಂಗಳು ಲೆಕ್ಕ ಹಾಕಿದ ಅಧಿಕಾರಿ ಹಾಳೆಯನ್ನು ಒಮ್ಮೆಯೂ ತಿರುವಿ ನೋಡಿರಲಿಲ್ಲ.

"ಯಾಕ?" ಅಂದರು ಅತ್ತೆ. ರಾಗಿಣಿ ಹೇಳಿದಳು. ಬೈಸಿಕೊಂಡಳು. ದುಡ್ಡು ಸಿಕ್ಕಿತು.

ಡಾಂಬರು ಚಪ್ಪಲಿಗೆ ಅಂಟುವ ಬಿಸಿಲಲ್ಲಿ, ಮುಖಕ್ಕೆ ದುಪ್ಪಟ್ಟಾ ಸುತ್ತಿಕೊಂಡು ರಾಗಿಣಿ ಅಂಗಡಿಗೆ ಹೋಗಿ ಸ್ವೆಟರ್ ಕೇಳಿದಳು. ಅಂಗಡಿಯವನು ಮೊದಲು ಒಂದು ಗ್ಲಾಸು ನೀರು ಕೊಟ್ಟ. ಆಮೇಲೆ ಅಟ್ಟದಿಂದ ಧೂಳು ಹಿಡಿದ ಗಂಟು ಇಳಿಸಿ, ಏಪ್ರಿಲಿನಲ್ಲಿ ಉಣ್ಣೆ ಕೊಳ್ಳುವ ಗಿರಾಕಿ ಕೈ ತಪ್ಪಿಯಾಳೆಂದು ಚೌಕಾಶಿಗೆ ಮೊದಲೇ ಅರ್ಧ ದರ ಹೇಳಿದ. ಆ ವರ್ಷ ರಾಗಿಣಿ ಮಾಡಿದ ನಿಜವಾದ ಉಳಿತಾಯ ಅದೊಂದೇ. ಅದಕ್ಕೆ ಯಾವ ಯೋಜನೆಯೂ ಇರಲಿಲ್ಲ.

ಉಳಿದ ನೋಟುಗಳನ್ನು ಅತ್ತೆಯ ಮುಂದಿಟ್ಟಳು. ಅತ್ತೆ ಸ್ವೆಟರನ್ನು ಎಳೆದು, ಹೊಲಿಗೆ ನೋಡಿ, ಮೊಮ್ಮಗಳ ಬೆನ್ನಿಗೆ ಹಿಡಿದು ನೋಡಿ, ನೋಟುಗಳನ್ನು ಅವಳ ಕಡೆಗೇ ಸರಿಸಿದರು.

"ಇಟ್ಕೋ."

"ಯಾವ ಲೆಕ್ಕಕ್ಕ ಅತ್ತಿ?"

"ಯಾವ ಲೆಕ್ಕಕ್ಕೂ ಅಲ್ಲವಾ. ಬಿಸಲಾಗ ಹೋಗಿ ಬಂದಿ."

ಮರುದಿನ ಬೆಳಿಗ್ಗೆ ಕಚೇರಿಗೆ ಹೋಗುವ ದಾರಿಯಲ್ಲಿ ರಾಗಿಣಿ ತಿಂಡಿ ಗಾಡಿಯ ಮುಂದೆ ನಿಂತು, ಅದೇ ದುಡ್ಡಿನಲ್ಲಿ ಒಂದು ಪ್ಲೇಟು ತರ್ರಿ ಪೋಹಾ, ಅಂದರೆ ಖಾರದ ಸಾರು ಸುರಿದ ಅವಲಕ್ಕಿ, ತಿಂದಳು. ಖಾರಕ್ಕೆ ಕಣ್ಣಲ್ಲಿ ನೀರು ಬಂತು. ಇನ್ನೊಂದು ಪ್ಲೇಟು ಹೇಳಿದಳು.