ಬಣ್ಣದ ಕಾರ್ಖಾನೆಯ ಕ್ರಯಪತ್ರದಲ್ಲಿ ಒಂದೇ ಹೆಸರು

ಬೆಳಿಗ್ಗೆ ತೊಟ್ಟಿಯಲ್ಲಿ ನೂಲು ಹಬೆಯಾಡುತ್ತಿರುವಾಗಲೇ ಇಬ್ಬರು ಬಂದು ಕಾರ್ಖಾನೆಯ ಗೋಡೆಗೆ ಅಳತೆ ಟೇಪು ಹಿಡಿದರು. ಕಟ್ಟಡ ಮಾರಾಟಕ್ಕಿದೆಯಂತೆ, ನೋಡಲು ಬಂದಿದ್ದಾರಂತೆ. ನೂಲಿಗೆ ಬಣ್ಣ ಹಾಕುತ್ತಿದ್ದ ಚಿಕ್ಕಪ್ಪ ಕೈಯಲ್ಲಿದ್ದ ಕೋಲಿನ ಸಮೇತ ಹೊರಗೆ ಬಂದರು. ಆ ಇಬ್ಬರನ್ನು ಕಳಿಸಿದ್ದು ಯಾರೋ ಅಲ್ಲ, ಎರಡು ತಿಂಗಳ ಹಿಂದೆ ತೀರಿಕೊಂಡ ಅವರ ಅಣ್ಣನ ಒಬ್ಬಳೇ ಮಗಳು.

ಅಣ್ಣ-ತಮ್ಮ ಇಬ್ಬರೂ ಪಾಲುದಾರರಾಗಿ ಇಪ್ಪತ್ತಾರು ವರ್ಷ ನಡೆಸಿದ ಕಾರ್ಖಾನೆ ಅದು. ತೊಟ್ಟಿಯ ಹತ್ತಿರ ತಮ್ಮ, ಮುಂದಿನ ಕೋಣೆಯಲ್ಲಿ ಗಿರಾಕಿಗಳ ಹತ್ತಿರ ಅಣ್ಣ. ತಮ್ಮನ ಕೈ ಮೊಣಕೈವರೆಗೆ ನೀಲಿ. ಮುಟ್ಟಿದ ಕಾಗದವೆಲ್ಲ ಕೆಡುತ್ತಿತ್ತು. ಹಾಗಾಗಿ ಅವರಲ್ಲಿ ಒಂದು ರೂಢಿ: ಕೈ ಶುಚಿ ಇದ್ದವರು ಸಹಿ ಹಾಕುವುದು. ಬಾಡಿಗೆಗಿದ್ದ ಕಟ್ಟಡವನ್ನು ಕೊಂಡ ದಿನವೂ ಹಾಗೇ ಆಯಿತು. ತೊಟ್ಟಿಯಲ್ಲಿ ನೂಲಿತ್ತು, ಅಣ್ಣ ಒಬ್ಬರೇ ನೋಂದಣಿ ಕಚೇರಿಗೆ ಹೋಗಿ ಬಂದರು. ಕ್ರಯಪತ್ರದಲ್ಲಿ ಅವರೊಬ್ಬರ ಹೆಸರೇ ಉಳಿಯಿತು. ಪಾಲುದಾರಿಕೆ ಪತ್ರದಲ್ಲಿ ಕಟ್ಟಡದ ಮಾತೇ ಇರಲಿಲ್ಲ.

ಮಗಳು ಕೆಟ್ಟವಳೇನಲ್ಲ. ತಾಯಿಯೂ ಇಲ್ಲ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಇಬ್ಬರು ಮಕ್ಕಳು, ಒಂದು ಹೊಲಿಗೆ ಯಂತ್ರ. ಅಪ್ಪನ ಹೆಸರಲ್ಲಿದ್ದರೆ ಅಪ್ಪನದು, ಅಪ್ಪನದು ಅಂದರೆ ನಿನ್ನದು ಎಂದು ಗಂಡ ತಲೆಗೆ ತುಂಬಿದ್ದ. ಇತ್ತ ಚಿಕ್ಕಪ್ಪನಿಗೆ ಆ ಕಟ್ಟಡ ಹೋದರೆ ತೊಟ್ಟಿ ಇಡಲು ಜಾಗವಿಲ್ಲ. ಐವತ್ತೆಂಟರ ವಯಸ್ಸಿಗೆ ಬೇರೆ ಕಸುಬು ಕಲಿಯುವುದೂ ಆಗದು.

ಉಚಿತ ಕಾನೂನು ನೆರವಿನ ಕಚೇರಿಗೆ ಹೋಗೋಣ ಎಂದು ಚಿಕ್ಕಮ್ಮ ಹೇಳಿದರೆ ಚಿಕ್ಕಪ್ಪ ಒಪ್ಪಲಿಲ್ಲ.

‘ಎತ್ತಿ ಆಡಿಸಿದ ಮಗು ಕಣೇ ಅದು. ಅದರ ಮೇಲೆ ಕಾಗದ ಹಿಡ್ಕೊಂಡು ಹೋಗ್ಲಾ?’

‘ಅವರು ಟೇಪು ಹಿಡ್ಕೊಂಡು ಬಂದಾಯ್ತಲ್ಲ. ನೀವು ತೊಟ್ಟಿ ಮುಂದೆ ನಿಂತು ಮರ್ಯಾದೆ ಕಾಯ್ತಾ ಇರಿ,’ ಎಂದು ಚಿಕ್ಕಮ್ಮ ತಾವೇ ಹೋಗಿ ಅರ್ಜಿ ಕೊಟ್ಟರು.

ಅಲ್ಲಿನ ವಕೀಲೆ ಎರಡೂ ಕಡೆಯವರನ್ನು ಕರೆಸಿದರು. ಮೊದಲು ಮಗಳ ಕಡೆ ತಿರುಗಿದರು. ‘ಪತ್ರದಲ್ಲಿ ಅಪ್ಪನ ಹೆಸರಿದೆ ಅಂದ ಮಾತ್ರಕ್ಕೆ ಕಟ್ಟಡ ಪೂರ್ತಿ ನಿಮ್ಮದಾಗಲ್ಲಮ್ಮ.’ ಚಿಕ್ಕಪ್ಪನಿಗೆ ಸಮಾಧಾನವಾಗುವಷ್ಟರಲ್ಲಿ ಅವರಿಗೂ ಹೇಳಿದರು: ‘ಇಷ್ಟು ವರ್ಷ ಅಲ್ಲೇ ದುಡಿದೆ ಅಂದ ಮಾತ್ರಕ್ಕೆ ಅದು ಪಾಲುದಾರಿಕೆಯ ಆಸ್ತಿನೂ ಆಗಲ್ಲ.’

ಕೊಂಡದ್ದು ಯಾರ ಹಣದಿಂದ, ಪಾಲುದಾರಿಕೆಗೆಂದೇ ಕೊಂಡದ್ದೋ ಎಂದು ನ್ಯಾಯಾಲಯ ಕೇಳುತ್ತದೆ. ಪಾಲುದಾರಿಕೆಯ ಹಣವಾಗಿದ್ದರೆ ಆಸ್ತಿಯೂ ಸಾಮಾನ್ಯವಾಗಿ ಪಾಲುದಾರಿಕೆಯದೇ. ಆದರೆ ಅದನ್ನು ಸಾಬೀತು ಮಾಡಬೇಕು. ಅದಕ್ಕೆ ವರ್ಷಗಳೇ ಹಿಡಿಯಬಹುದು ಎಂದು ವಕೀಲೆ ವಿವರಿಸಿದರು.

‘ಕಟ್ಟಡ ಇಬ್ಬರದೂ ಅಂತ ನನಗೂ ಅಣ್ಣನಿಗೂ ಮಾತಾಗಿತ್ತು,’ ಎಂದರು ಚಿಕ್ಕಪ್ಪ.

‘ಬಾಯಿಮಾತು ಆ ಬಾಯಿ ಇರೋವರೆಗೆ ಅಷ್ಟೇ ಯಜಮಾನ್ರೇ.’

ಮಗಳು ಏನೋ ಹೇಳಲು ಹೋದಾಗ ಗಂಡ ತಿವಿದ.

‘ತಿವೀಬೇಡಿ,’ ಎಂದಳು. ‘ಕಾರ್ಖಾನೆ ದುಡ್ಡಲ್ಲೇ ತಗೊಂಡಿದ್ದು. ಅಪ್ಪನೇ ನನಗೆ ಹೇಳಿದ್ರು. ಹೇಳಿಲ್ಲ ಅಂತ ಹೇಗೆ ಹೇಳ್ಲಿ?’

ಚಿಕ್ಕಪ್ಪ ತಲೆ ಎತ್ತಲಿಲ್ಲ. ‘ನಿನ್ನ ಬಾಡಿಗೆ ಮನೆಗೆ ನಾನು ಒಂದು ಸಲನೂ ಬಂದಿಲ್ಲ ಕಣಮ್ಮ,’ ಎಂದರು.

ಕಟ್ಟಡ ಪಾಲುದಾರಿಕೆಯದಾಗಿತ್ತು ಎಂದು ಇಬ್ಬರೂ ಒಪ್ಪಿದರು. ಮುಂದಿನ ಎರಡು ಕೋಣೆ ಮತ್ತು ಮಹಡಿ ಅಣ್ಣನ ಪಾಲೆಂದು ಮಗಳಿಗೆ, ತೊಟ್ಟಿಗಳಿರುವ ಹಿಂದಿನ ಭಾಗ ಚಿಕ್ಕಪ್ಪನಿಗೆ ಎಂದು ಪತ್ರ ಬರೆಸಿ ನೋಂದಣಿ ಮಾಡಿಸಿದರು. ಮಗಳ ಹೊಲಿಗೆ ಯಂತ್ರ ಈಗ ಮಹಡಿಯ ಮೇಲಿದೆ.

ಆದರೂ ಒಂದು ಕಳೆದುಹೋಯಿತು. ಅಣ್ಣ ಬದುಕಿದ್ದಾಗ ನಾಲ್ಕು ಸಾಲು ಬರೆಸಿಟ್ಟಿದ್ದರೆ, ಜಗಳದಲ್ಲಿ ಕಳೆದ ಆ ದಿನಗಳಲ್ಲಿ ಚಿಕ್ಕಪ್ಪ, ಮಗಳು ಇಬ್ಬರೂ ಹೋದವರಿಗಾಗಿ ಒಟ್ಟಿಗೆ ಕೂತು ಅಳಬಹುದಿತ್ತು.

ನಿಮ್ಮ ಮನೆಯವರು ಕೂಡಿ ನಡೆಸುವ ಅಂಗಡಿ, ಗಿರಣಿ, ಕಾರ್ಖಾನೆ ಇದ್ದರೆ ಅದರ ಜಾಗ ಯಾರದೆಂದು ಇವತ್ತೇ ಕೇಳಿ. ಪಾಲುದಾರಿಕೆಯದೋ, ಒಬ್ಬರ ಸ್ವಂತದ್ದೋ ಎಂಬುದನ್ನು ಪಾಲುದಾರಿಕೆ ಪತ್ರದಲ್ಲಿ ಬರೆಸಿ. ಕ್ರಯಪತ್ರದಲ್ಲಿ ಯಾರ ಹೆಸರಿದೆ ಎಂದು ತೆಗೆದು ಓದಿ. ಒಂದೊಂದು ಮನೆಯ ವಿಷಯ ಒಂದೊಂದು ರೀತಿ, ಆದ್ದರಿಂದ ವಕೀಲರಿಗೆ ತೋರಿಸದೆ ಮುಂದುವರಿಯಬೇಡಿ. ಕೇಳಿದರೆ ಅಪನಂಬಿಕೆ ಎಂದುಕೊಂಡಾರೆಂದು ಅಂಜಬೇಡಿ. ಉತ್ತರ ಹೇಳುವವರು ಎದುರಿಗಿರುವಾಗಲೇ ಕೇಳಿ.