ಹೆಪ್ಸಿಬಾ ಅಜ್ಜಿ ಹೇಳಿದ ಕಾಳಗ

ನಮ್ಮ ಯಜಮಾನರು ಸೆಪ್ಟಿಮಸ್ ಹಾರ್ಕರ್ ವಾರಪತ್ರಿಕೆ ನಡೆಸುತ್ತಿದ್ದದ್ದು ಹೊಟ್ಟೆಪಾಡಿಗೆ. ಪ್ರಾಣ ಇದ್ದದ್ದೆಲ್ಲ ಊರಿನ ಚರಿತ್ರೆಯಲ್ಲಿ. ಮೂವತ್ತು ವರ್ಷ ಈ ಯಾರ್ಕ್‌ಷೈರ್ ಕಣಿವೆಯ ಕಲ್ಲುಕಲ್ಲನ್ನೂ ಕೆದಕಿ ಬರೆದರು. ರಾಣಿಯ ಜುಬಿಲಿಯೊಳಗೆ ಗ್ರಂಥ ಹೊರಬರಬೇಕು ಅನ್ನುವಷ್ಟರಲ್ಲಿ ಲಂಡನ್ನಿನ ಪಂಡಿತರು ಕಲ್ಲು ಹಾಕಿದರು. ಹಿಂದೊಮ್ಮೆ ದಾಳಿಗೆ ಬಂದ ಸ್ಕಾಟರ ದಂಡನ್ನು ಇಲ್ಲಿನ ಹೆಂಗಸರು ಗುದ್ದಲಿ ಹಿಡಿದು ಓಡಿಸಿದ್ದು ಹಾರ್ಕರ್ ಕಟ್ಟಿದ ಕಥೆಯಂತೆ! ಹಿರಿಯರ ಬಾಯಿಂದ ಕೇಳಿದವರು ಒಬ್ಬರಾದರೂ ಇದ್ದಾರೆಯೇ ಎಂದು ಕೇಳಿದರು. ನಮ್ಮ ಯಜಮಾನರಿಗೆ ಅದನ್ನು ಅರ್ಧಂಬರ್ಧ ಹೇಳಿದ್ದ ಕುರಿಕಾಯುವ ಮುದುಕ ಸತ್ತು ಯಾವ ಕಾಲವಾಗಿತ್ತೋ.

ಉಳಿದವಳೆಂದರೆ ಗುಡ್ಡದ ಮೇಲಿನ ಹೆಪ್ಸಿಬಾ ಅಜ್ಜಿ. ತೊಂಬತ್ತು ದಾಟಿದವಳು, ಓದು ಬಾರದವಳು. ಎದೆಯಲ್ಲಿ ಕಫ ಕಟ್ಟಿ ಉಸಿರಿಗೆ ಒದ್ದಾಡುತ್ತಿದ್ದ ಮನುಷ್ಯ ಹೊರಟೇಬಿಟ್ಟರು.

"ರೀ, ಗುಡ್ಡ ಹತ್ತಿದ್ರೆ ಸತ್ತೇ ಹೋಗ್ತೀರಿ!"

"ಅವಳೇ ಮೊದ್ಲು ಸತ್ರೆ?"

ಇಂಥವರಿಗೆ ಏನು ಹೇಳೋಣ! ಗೊಣಗುತ್ತಾ ಜೊತೆಗೆ ಹೋದೆ.

ಅಜ್ಜಿ ಬೆಂಕಿ ಮುಂದೆ ಕೂತು ಶುರುಹಚ್ಚಿದಳು. "ಗೊತ್ತಿಲ್ದೆ ಏನಪ್ಪ? ನಮ್ಮವ್ವ ತೊಡೆ ಮೇಲೆ ಕೂರಿಸ್ಕೊಂಡು ಹೇಳಿದ್ದು." ಮಂಜು ಬಂತು, ದಂಡು ಬಂತು, ಗುದ್ದಲಿಗಳೂ ಬಂದವು. ಇವರ ಪೆನ್ಸಿಲ್ ಓಡಿದ್ದೇ ಓಡಿದ್ದು. ಅಂಥ ಕಳೆ ಆ ಮುಖದಲ್ಲಿ ನಾನು ಮದುವೆಯ ದಿನವೂ ಕಂಡಿರಲಿಲ್ಲ.

"ಎಲ್ರಿಗಿಂತ ಮುಂದೆ ನಿಂತೋಳು ಕೆಂಚುಗೂದಲ ಡಾರ್ಕಸ್..."

ಪೆನ್ಸಿಲ್ ನಿಂತಿತು. ಡಾರ್ಕಸ್ ನನ್ನ ತಂಗಿಯ ಹೆಸರು! ಹೆಸರಿಲ್ಲದೆ ಕಥೆ ಸಪ್ಪೆ ಅನ್ನಿಸಿ, ಹಿಂದೆ ಇದನ್ನು ಪತ್ರಿಕೆಗೆ ಬರೆಯುವಾಗ ಇವರೇ ಸೇರಿಸಿದ್ದು. ನಾನೂ ಆಗ ನಕ್ಕಿದ್ದೆ.

ಚಹಾ ತಂದ ಅಜ್ಜಿಯ ಸೊಸೆ ನ್ಯಾನ್ಸಿ ಹೆಮ್ಮೆಯಿಂದ ಅಂದಳು, "ಪ್ರತಿ ಶನಿವಾರ ಅತ್ತೆಗೆ ನಿಮ್ಮ ಪೇಪರ್ ಓದಿ ಹೇಳ್ತೀನಿ ಸ್ವಾಮಿ. ಈ ಕಥೆ ಬಂದಿದ್ದನ್ನಂತೂ ಎತ್ತಿಟ್ಕೊಂಡು ಮತ್ತೆ ಮತ್ತೆ ಓದಿಸ್ಕೋತಾರೆ."

"ಅಜ್ಜಿ," ಇವರು ಪೆನ್ಸಿಲ್ ಕೆಳಗಿಟ್ಟು ಕೇಳಿದರು, "ಪೇಪರಲ್ಲಿ ಕೇಳೋಕ್ ಮುಂಚೆ... ನಿಮ್ಮವ್ವ ಹೇಳಿದ್ದು ಹೇಗಿತ್ತು?"

ಅಜ್ಜಿ ಬೆಂಕಿಯನ್ನು ಕೆದಕಿದಳು. "ಬೇರೆ ಥರ ಇತ್ತಪ್ಪ. ಇತ್ತು ಅಂತ ಗೊತ್ತು, ಏನಂತ ಬರ್ತಿಲ್ಲ. ನಿಂದು ಕೇಳಿದ್ಮೇಲೆ ಅದು ಹೊಂಟೋಯ್ತು."

"ಒಂದು ಮಾತಾದ್ರೂ? ಒಂದೇ ಒಂದು?"

"ಬಿಡಪ್ಪ ಅತ್ಲಾಗೆ. ನಿಂದೇ ಚೆಂದಾಗೈತೆ."

ಅಯ್ಯೋ, ಆ ಮುದುಕಿ ಕಾಲಲ್ಲಿ ಒದ್ದಿದ್ದರೂ ತಡೆದುಕೊಳ್ಳುತ್ತಿದ್ದರು. ಚಹಾ ಮುಟ್ಟದೆ ಎದ್ದರು.

ಇಳಿಯುವಾಗ ನಡುದಾರಿಯಲ್ಲಿ ಕೆಮ್ಮು ಹತ್ತಿಕೊಂಡು ಕಲ್ಲುಗೋಡೆಗೆ ಆತು ನಿಂತರು. "ನಿಜವಾದದ್ದು ಅವಳ ತಲೇಲಿ ಇತ್ತು ಕಣೇ. ಅಳಿಸಿದೋನು ನಾನೇ."

ಅಲ್ಲ ರೀ, ಅನ್ನಬೇಕಿತ್ತು ನಾನು. ಅಂದು ಜೊತೆಗೆ ನಕ್ಕವಳು, ತೋಳು ಹಿಡಿದು ಕೆಳಗಿಳಿಸಿದೆ.