ಕೊಂಬೆಯಿಲ್ಲದ ಮಕ್ಕಳು

ರಜೆಯ ದಿನ ಬಂತೆಂದರೆ ಆ ಮನೆಯಲ್ಲಿ ಊಟದ ಮೇಜಿನ ಮೇಲೆ ಊಟ ಬಡಿಸುವ ಹಾಗಿರಲಿಲ್ಲ. ಮನೆಯ ಯಜಮಾನ ನೀರು ಸರಬರಾಜು ಕಚೇರಿಯ ನಕ್ಷೆಗಾರ. ವಾರವಿಡೀ ಊರಿನ ಕೊಳವೆಗಳ ನಕ್ಷೆ ಬರೆದು ಸಾಲದೆ, ರಜೆಯಲ್ಲಿ ತನ್ನ ವಂಶದ ನಕ್ಷೆ ಬರೆಯುವ ಹುಚ್ಚು ಹತ್ತಿಸಿಕೊಂಡಿದ್ದ. ಕಾಗದದ ಸುರುಳಿ ಮಡಚಿಕೊಳ್ಳದಂತೆ ಒಂದು ಮೂಲೆಗೆ ಉಪ್ಪಿನ ಡಬ್ಬಿ, ಇನ್ನೊಂದಕ್ಕೆ ಸಕ್ಕರೆ ಡಬ್ಬಿ. ಹೆಂಡತಿ ಬಿಸಿ ಪಾತ್ರೆ ಹಿಡಿದು ಬಂದು ನಿಲ್ಲುತ್ತಿದ್ದಳು.

"ಸತ್ತವರ ಸೇವೆ ಮುಗಿದಿದ್ರೆ ಬದುಕಿರೋರಿಗೂ ಒಂಚೂರು ಜಾಗ ಬಿಡ್ತೀರಾ?"

"ಇನ್ನೊಬ್ಬ ಮುತ್ತಜ್ಜ ಕಣೇ, ಒಬ್ಬನೇ ಒಬ್ಬ!"

"ನಿಮ್ಮ ಮುತ್ತಜ್ಜ ಕಾಯ್ತಾನೆ, ಸಾರು ಕಾಯಲ್ಲ."

ಹಣ ತರುವ ಹುಚ್ಚಲ್ಲ, ಯಾರಿಗೂ ಕೆಡುಕು ಮಾಡುವ ಹುಚ್ಚೂ ಅಲ್ಲ ಎಂದು ಎಲ್ಲರೂ ನಗುತ್ತಿದ್ದರು. ಬಸ್ಸು ಹತ್ತಿ ಹೋಗಿ, ಹಲ್ಲಿಲ್ಲದ ಅಜ್ಜಿಯರ ಮುಂದೆ ಚಕ್ಕಳಮಕ್ಕಳ ಹಾಕಿ ಕೂತು, ಯಾರ ಮಗ ಯಾರು, ಯಾರನ್ನು ಯಾರಿಗೆ ಕೊಟ್ಟರು ಎಂದು ಬಗೆದು ಬಗೆದು ಕೇಳಿಕೊಂಡು ಬರುತ್ತಿದ್ದ. ಹಾಗೆ ಬೆಳೆದ ಮರ ನೋಡಲು ಬಲು ಚೆಂದವಿತ್ತು. ಅತ್ತೆಯ ಮಗನಿಗೆ ಮಾವನ ಮಗಳು, ಅವರ ಮಗಳು ಮತ್ತೆ ಸೋದರತ್ತೆಯ ಮನೆಗೆ. ಹೊರಟ ಕೊಂಬೆಗಳೆಲ್ಲ ತಿರುಗಿ ಅದೇ ಮರಕ್ಕೆ ಬಂದು ಸೇರುತ್ತಿದ್ದವು. "ನಮ್ಮ ಮನೆ ಹೆಣ್ಣು ನಮ್ಮ ಮನೆ ದಾಟಿಲ್ಲ" ಎಂದು ಅವನ ಅಕ್ಕ ಆ ಮರಕ್ಕೆ ಗಾಜಿನ ಚೌಕಟ್ಟು ಹಾಕಿಸಿ ತನ್ನ ನಡುಮನೆಯ ಗೋಡೆಗೆ ತೂಗುಹಾಕಿಸಿದ್ದಳು.

ಅಜ್ಜಿಯರ ಬಾಯಿಂದ ನಡುನಡುವೆ ಬೇರೆ ಮಾತೂ ಬರುತ್ತಿತ್ತು. "ಆಮೇಲೆ ಒಂದು ಗಂಡು ಹುಟ್ಟಿತ್ತಪ್ಪ. ಕತ್ತೇ ನಿಲ್ಲಲಿಲ್ಲ. ಹೋಯ್ತು." ಆಗ ನಕ್ಷೆಗಾರ ಪೆನ್ನು ಮೇಲೆತ್ತಿ, "ಅದು ಬಿಡಿ ಅಜ್ಜಿ, ಆಮೇಲೆ?" ಎನ್ನುತ್ತಿದ್ದ. ಬೆಳೆದು ಮನೆ ಹಿಡಿದವರಿಗೆ ಮಾತ್ರ ಕೊಂಬೆ ಎಂಬುದು ಅವನ ನಿಯಮ. ಅರ್ಧಕ್ಕೇ ನಿಂತ ಗೆರೆಗಳಿಂದ ಚಿತ್ರ ಕೆಡುತ್ತದಂತೆ! ಎಂಥ ನಿಯಮವಪ್ಪ ಇದು! ಹೆತ್ತವಳ ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಜಾಗ ಸಿಕ್ಕಿದ ಕೂಸಿಗೆ ಕಾಗದದ ಮೇಲೆ ಬೆರಳಗಲ ಜಾಗವಿಲ್ಲ.

ಅವನಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳನ್ನು ಅಕ್ಕನ ಹಿರಿಯ ಮಗನಿಗೇ ಕೊಟ್ಟದ್ದಾಗಿತ್ತು. "ಗೊತ್ತು ಗುರಿ ಇಲ್ಲದ ಮನೆಗೆ ಕೊಟ್ಟು ಕಣ್ಣೀರು ಹಾಕೋದಕ್ಕಿಂತ ಅತ್ತೆ ಮನೆ ವಾಸಿ ಅಲ್ವಾ?" ಎಂದು ಅಕ್ಕ ಕೇಳಿದಾಗ ಅವನು ಹೂಂ ಎಂದಿದ್ದ. ಮದುವೆಯ ಮರುವರ್ಷ ಒಂದು ಹೆಣ್ಣು ಕೂಸು ಹುಟ್ಟಿತು. ದುಂಡುದುಂಡಾಗಿತ್ತು, ನಗುತ್ತಿತ್ತು. ಆದರೆ ಕತ್ತು ನಿಲ್ಲಲಿಲ್ಲ. ಆಮೇಲೆ ನಗುವೂ ನಿಂತಿತು, ಫಿಟ್ಸ್ ಶುರುವಾಯಿತು.

ಮಕ್ಕಳ ಡಾಕ್ಟರಮ್ಮ ಎಲ್ಲರನ್ನೂ ಕೂರಿಸಿಕೊಂಡು ಕೇಳಿದರು: "ನಿಮ್ಮ ಕುಟುಂಬದಲ್ಲಿ ಹಿಂದೆ ಯಾವುದಾದರೂ ಮಗುಗೆ ಹೀಗಾಗಿತ್ತಾ?"

"ಇಲ್ಲವೇ ಇಲ್ಲ. ಬೇಕಾದ್ರೆ ನನ್ನ ತಮ್ಮನ್ನ ಕೇಳಿ, ವಂಶವೆಲ್ಲ ಅವನ ಬೆರಳ ತುದೀಲಿದೆ" ಎಂದಳು ಅಕ್ಕ.

ಡಾಕ್ಟರಮ್ಮ ಅವನತ್ತ ತಿರುಗಿದರು. ಅವನು ಅಕ್ಕನ ಮುಖ ನೋಡಿ, ಇಲ್ಲವೆಂದು ತಲೆಯಾಡಿಸಿದ.

"ಗಂಡ ಹೆಂಡತಿ ಇಬ್ಬರಿಗೂ ಒಂದೇ ಅಜ್ಜ ಅಜ್ಜಿ ಇದ್ದಾಗ, ರಕ್ತದಲ್ಲಿ ಅಡಗಿರೋ ಒಂದೇ ದೋಷ ಎರಡೂ ಕಡೆಯಿಂದ ಮಗುಗೆ ಬರೋ ಸಾಧ್ಯತೆ ಜಾಸ್ತಿ. ಎಲ್ಲಾ ಮಕ್ಕಳಿಗೂ ಹಾಗಾಗತ್ತೆ ಅಂತಲ್ಲ. ಆದ್ರೆ ನಿಮ್ಮಲ್ಲಿ ಎಷ್ಟೋ ತಲೆಮಾರಿಂದ ಇದೇ ನಡೀತಿದೆ ಅಂತೀರಿ" ಎಂದರು ಅವರು.

"ನಾವೆಲ್ಲ ಹಂಗೇ ಹುಟ್ಟಿದ್ದು. ನಮಗೇನಾಗಿದೆ?" ಎಂದು ಅಕ್ಕ ಎದ್ದುಬಿಟ್ಟಳು.

ಕೂಸು ವರ್ಷ ತುಂಬುವ ಮೊದಲೇ ಹೋಯಿತು. ನೆಂಟರೆಲ್ಲ ಕೂತಿದ್ದ ನಡುಮನೆಯಲ್ಲಿ ಅಕ್ಕ ಸೊಸೆಗೆ ಗೋಡೆ ತೋರಿಸಿದಳು. "ನೋಡೇ, ನಿಮ್ಮಪ್ಪನೇ ಕೈಯಾರೆ ಬರೆದಿರೋದು. ಇಷ್ಟು ದೊಡ್ಡ ವಂಶದಲ್ಲಿ ಒಂದಾದ್ರೂ ಕೂಸು ಹೀಗೆ ಹೋಗಿದ್ಯಾ? ನಿನ್ನ ಹಾಲೇ ಸರಿಯಿಲ್ಲ." ನಕ್ಷೆಗಾರ ಅಲ್ಲೇ ಇದ್ದ. ಕೈಯಲ್ಲಿ ಕಾಫಿ ಲೋಟವಿತ್ತು. ಅಷ್ಟು ಅಜ್ಜಿಯರ ಮಾತೂ ನೆನಪಿಗೆ ಬಂತು. ಬಿಸಿ ತುಪ್ಪ ಬಾಯಲ್ಲಿಟ್ಟುಕೊಂಡವನ ಹಾಗೆ ನುಂಗಲೂ ಆಗಲಿಲ್ಲ, ಉಗುಳಲೂ ಆಗಲಿಲ್ಲ. ಮಗಳು ಒಮ್ಮೆ ಅಪ್ಪನ ಕಡೆ ನೋಡಿದಳು, ಆಮೇಲೆ ನೋಡಲಿಲ್ಲ. ಕೆಲವು ದಿನ ಕಳೆದ ಮೇಲೆ ಬಟ್ಟೆ ಚೀಲ ಹಿಡಿದು ತವರಿಗೆ ಬಂದವಳು ಬೆಳಗಿಂದ ಸಂಜೆವರೆಗೆ ಹಾಸಿಗೆ ಮೇಲೆ ಗೋಡೆಗೆ ಮುಖ ಮಾಡಿ ಮಲಗಿರುತ್ತಿದ್ದಳು.

ಇಷ್ಟಾದರೂ ಬುದ್ಧಿ ಬಂತೇ? ಕಣ್ಣೀರು ಆರುವ ಮೊದಲೇ ಅಕ್ಕ ಕಿರಿಯ ಮಗನಿಗೆ ಚಿಕ್ಕವಳನ್ನು ಕೇಳಿದಳು. "ದೊಡ್ಡವಳ ಹಣೇಲಿ ಬರೆದಿರಲಿಲ್ಲ. ಚಿಕ್ಕವಳು ಗಟ್ಟಿಗಿತ್ತಿ. ಬರೋ ವಾರ ಮಾತು ಮುಗಿಸೋಣ. ಆ ಮರಾನ ಹೊಸದಾಗಿ ಬರೆದಿಟ್ಟಿರು, ಇವರಿಬ್ಬರ ಹೆಸರೂ ಸೇರಿಸಿ" ಎಂದು ತಮ್ಮನಿಗೆ ಹೇಳಿಕಳಿಸಿದಳು. "ಅತ್ತೆ ಮಗ ಒಳ್ಳೆಯವನೇ ಅಪ್ಪ. ಆದ್ರೆ ನಂಗೆ ಅಕ್ಕನ ಗತಿ ಬೇಡ" ಎಂದು ಚಿಕ್ಕವಳು ಬಾಯಿಬಿಟ್ಟು ಹೇಳಿದಳು. ಅವನು "ನೋಡೋಣಮ್ಮ" ಎಂದು ಮೇಜಿನ ಮುಂದೆ ಕೂತ. ತನ್ನ ಅಕ್ಕನ ಮಾತು ಮೀರಿ ಗೊತ್ತಿದ್ದವನಲ್ಲ.

ಹೆಂಡತಿ ಮೇಜು ಒರೆಸಲು ಬಂದಳು. ಆವತ್ತು ಜಗಳಕ್ಕೆ ನಿಲ್ಲಲಿಲ್ಲ. ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಕಾಗದದ ಮೇಲೆ ಬೆರಳಿಟ್ಟಳು.

"ಇಲ್ಲಿ ನೀವು. ಇಲ್ಲಿ ನಾನು, ನಿಮ್ಮ ಸೋದರಮಾವನ ಮಗಳು. ನಮಗೆಷ್ಟು ಮಕ್ಕಳು ರೀ?"

"ಇದೇನೇ ಪ್ರಶ್ನೆ? ಇಬ್ಬರು."

"ಮೂವರು."

ಅವನ ಪೆನ್ನು ನಿಂತಿತು.

"ಮೊದಲನೇದು ಗಂಡು, ಅದಕ್ಕೂ ಕತ್ತು ನಿಲ್ಲಲಿಲ್ಲ. ನೀವೇ ಎತ್ತಿಕೊಂಡು ಹೋದ್ರಿ, ಬರಿಗೈಲಿ ಬಂದ್ರಿ. ಅದನ್ನ ಎಲ್ಲಿ ಬರೆದಿದ್ದೀರಿ? ನಾನೂ ಸುಮ್ಮನಿದ್ದೆ, ಪಾಪಿ ನಾನೂ. ಮಗಳು ಹಾಸಿಗೆ ಹಿಡಿದಿದ್ದಾಳೆ, ಇನ್ನೊಬ್ಬಳನ್ನೂ ಮಲಗಿಸಿ ಈ ಮರ ಬೆಳೆಸ್ತೀರಾ?"

ಮರೆತಿದ್ದನೇ? ಮರೆತಿರಲಿಲ್ಲ. ಆ ಕೂಸಿನ ತೂಕ ಅವನ ತೋಳಿಗೆ ಗೊತ್ತಿತ್ತು. ಬಿಟ್ಟದ್ದು ಚಿತ್ರ ಕೆಡುತ್ತದೆಂದಲ್ಲ, ಒಂದನ್ನು ಬರೆದರೆ ಎಲ್ಲವನ್ನೂ ಬರೆಯಬೇಕಾಗುತ್ತದೆ ಎಂಬ ಹೆದರಿಕೆಯಿಂದ. ಮೊದಲ ಗೆರೆ ತನ್ನ ಮಗನದೇ ಎಳೆದ. ಆಮೇಲೆ ಅಜ್ಜಿಯರ ಮಾತು ಒಂದೊಂದೇ ನೆನಪಿಗೆ ಬಂತು, ಒಂದೊಂದೇ ಮೊಂಡು ಗೆರೆ ಮೂಡಿತು. ಕೊಂಬೆಗಳು ಒಳಗೊಳಗೇ ಕೂಡಿದ ಕಡೆಯಲ್ಲೇ ಅವು ಒತ್ತಾಗಿದ್ದವು.

ಅಕ್ಕ ಮಾತು ಮುಗಿಸಲೆಂದು ಅವನ ಮನೆಗೇ ಬಂದು ಕೂತಾಗ ಅವನು ಕಾಗದ ಬಿಡಿಸಿ ಮುಂದಿಟ್ಟ.

"ಏನೋ ಇದು, ಒಳ್ಳೆ ಕೆಲಸಕ್ಕೆ ಕೂತಾಗ ಗೀಚಿಟ್ಟಿದ್ದೀಯ?"

"ಇವೆಲ್ಲ ಹೋದ ಮಕ್ಕಳು ಅಕ್ಕ. ನಾನು ಬಿಟ್ಟಿದ್ದವು. ಇದು ದೊಡ್ಡಜ್ಜಿದು, ಇದು ನಂದು. ನಿಂದೂ ಒಂದಿದೆ, ನಿನ್ನ ಇಬ್ಬರು ಗಂಡುಮಕ್ಕಳ ನಡುವೆ."

ಅಕ್ಕನ ಮುಖ ಒಂದು ಗಳಿಗೆ ಬಿಳಿಚಿಕೊಂಡಿತು. "ಅದನ್ನ್ಯಾಕೋ ಕೆದಕ್ತೀಯ?" ಎಂದಳು ಮೆಲ್ಲಗೆ. ಮರುಕ್ಷಣವೇ ದನಿ ಗಟ್ಟಿಯಾಯಿತು. "ಹೊರಗಿನೋರ ಮಕ್ಕಳು ಸಾಯಲ್ವಾ? ಡಾಕ್ಟರು ಅಂದಿದ್ದೆಲ್ಲ ವೇದವೇನೋ?"

"ಸಾಯ್ತಾವೆ. ಇಷ್ಟು ಸಾಯಲ್ಲ, ಒಂದೇ ಥರ ಸಾಯಲ್ಲ. ಗೊತ್ತಿದ್ದೂ ಗೊತ್ತಿದ್ದೂ ಕೊಡೋಕೆ ನನ್ನಿಂದಾಗಲ್ಲ. ಹುಡುಗಿಗೂ ಇಷ್ಟವಿಲ್ಲ. ಚಿಕ್ಕವಳನ್ನ ಕೊಡಲ್ಲ ಅಕ್ಕ."

"ಕೊಡಲ್ವಾ? ಹಾಗಿದ್ರೆ ಇವತ್ತಿಗೆ ನಿನಗೆ ಅಕ್ಕ ಇಲ್ಲ ಅಂದ್ಕೋ!" ಚಪ್ಪಲಿ ಮೆಟ್ಟಿದವಳು ತಿರುಗಿ ನೋಡದೆ ಮೆಟ್ಟಿಲಿಳಿದುಹೋದಳು. ಹೆಂಡತಿ ಚಿಕ್ಕವಳ ಕೈ ಹಿಡಿದುಕೊಂಡು ನಿಂತಿದ್ದಳು. ಚಿಕ್ಕವಳು ಉಳಿದಳು, ಅಷ್ಟು ಮಾತ್ರ ನಿಜ.

ದೊಡ್ಡವಳು ಯಾವಾಗ ಎದ್ದು ಬಂದಳೋ ಯಾರೂ ನೋಡಿರಲಿಲ್ಲ. ಬಾಗಿಲ ಚೌಕಟ್ಟು ಹಿಡಿದು ಕಾಗದವನ್ನೇ ನೋಡುತ್ತಿದ್ದಳು.

"ನನ್ನ ಕೂಸು ಹೋದಾಗ ಅತ್ತೆ ಗೋಡೆ ತೋರಿಸಿದ್ರಲ್ಲ ಅಪ್ಪ. ಆಗ ಇದೆಲ್ಲ ನಿಂಗೆ ಗೊತ್ತಿತ್ತಾ?"

ಹೊಳೆದಿರಲಿಲ್ಲ ಎನ್ನಬಹುದಿತ್ತು. ನಕ್ಷೆಗಾರ ತಲೆ ಎತ್ತಲಿಲ್ಲ. "ಗೊತ್ತಿತ್ತು ಮಗಳೇ."

ಅವಳು ಬೈಯಲಿಲ್ಲ, ಕೂಗಾಡಲಿಲ್ಲ.

"ಆವತ್ತು ಒಂದು ಮಾತು ಹೇಳಿದ್ದಿದ್ರೆ ಸಾಕಿತ್ತಪ್ಪ" ಎಂದಳು. "ನಾನೇ ನನ್ನ ಕೂಸಿಗೆ ಹಾಲಲ್ಲಿ ವಿಷ ಕುಡಿಸಿದೆ ಅಂದ್ಕೊಂಡು ಮಲಗ್ತಿರಲಿಲ್ಲ."